ರಾಕ್1 ಸದಾ ಆನ್ ಮಾಡಿದರೆ ಕೋಶ ಓಡಬೇಕಿತ್ತು, ಕೂತುಬಿಟ್ಟಿದೆ. ಯಾಕೆ?

ಗಾಜುತಟ್ಟೆ

ಎಲ್ಲರಿಗೂ ನಮಸ್ಕಾರ. ಜೀವಕೋಶಗಳ ಓಡಾಟದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ರಾಕ್1 ಪ್ರೋಟೀನ್ ನನ್ನ ವಿಷಯ. ಓದಿದ ಲೇಖನಗಳಲ್ಲೆಲ್ಲ ಒಂದೇ ಮಾತು. ರಾಕ್1 ಚುರುಕಾದರೆ ಕೋಶ ಮುಂದಕ್ಕೆ ಚಾಚುತ್ತದೆ, ಓಡುತ್ತದೆ, ಕ್ಯಾನ್ಸರ್ ಕೋಶವಾದರೆ ದೇಹದಲ್ಲಿ ಹರಡುತ್ತದೆ.

ನಾನು ಮಾಡಿದ್ದು ಇಷ್ಟು. ಫೈಬ್ರೋಬ್ಲಾಸ್ಟ್ (ಅಂಗಾಂಶದ ನಾರು ತಯಾರಿಸುವ) ಕೋಶಗಳಿಗೆ ಕ್ಯೂ61ಎಲ್ ರೂಪದ ರಾಕ್1ರ ಜೀನನ್ನು ಪ್ಲಾಸ್ಮಿಡ್ (ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ) ಮೂಲಕ ಹಾಕಿದೆ. ಯಾವಾಗಲೂ ಆನ್ ಆಗಿಯೇ ಇರುವ ರೂಪ ಅದು. ತಟ್ಟೆ ತುಂಬಿದ ಮೇಲೆ ಪಿಪೆಟ್ ತುದಿಯಿಂದ ಗೀರು ಎಳೆದು, ಗೀರು ಎಷ್ಟು ಬೇಗ ಮುಚ್ಚುತ್ತದೆ ಅಂತ ನೋಡಿದೆ. ಮಾಮೂಲಿ ಕೋಶಗಳು ಆರಾಮಾಗಿ ಮುಚ್ಚಿದವು. ನನ್ನ ರಾಕ್1 ಕೋಶಗಳು ಹಿಂದೆ ಬಿದ್ದವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದುಂಡಗೆ, ಚಪ್ಪಟೆಯಾಗಿ, ಸುತ್ತಲೂ ನೆರಿಗೆ ಬಿಟ್ಟುಕೊಂಡು ಇದ್ದಲ್ಲೇ ಇವೆ. ಗೈಡ್ "ಪ್ಲಾಸ್ಮಿಡ್ ಅದಲು ಬದಲಾಗಿರಬೇಕು" ಅಂದರು. ಸೀಕ್ವೆನ್ಸ್ ಮಾಡಿಸಿದೆ, ಪ್ಲಾಸ್ಮಿಡ್ ಸರಿಯಾಗಿಯೇ ಇದೆ. ಈಗ ಏನು ಹೇಳಲಿ ಅವರಿಗೆ?

ಎಲೆಮರೆಕಾಯಿ

ನಾನು ಈ ಫೀಲ್ಡಿನವನಲ್ಲ, ಸುಮ್ನೆ ಓದೋಕೆ ಬರುತ್ತೇನೆ. ರಾಕ್1 ಅಂದರೆ ಏನು ಅಂತ ಯಾರಾದರೂ ಎರಡು ಸಾಲು ಬರೆದರೆ ನನ್ನಂಥವರಿಗೂ ಚರ್ಚೆ ಅರ್ಥವಾಗುತ್ತದೆ.

ತಂತು

ಎಲೆಮರೆಕಾಯಿ ಅವರಿಗೆ ಮೊದಲು ಉತ್ತರ. ಎರಡು ಸಾಲಿನಲ್ಲಿ ಮುಗಿಯಲ್ಲ, ಕ್ಷಮಿಸಿ.

ರಾಕ್1 ಒಂದು ಚಿಕ್ಕ ಪ್ರೋಟೀನ್. 192 ಅಮೈನೋ ಆಮ್ಲ, ತೂಕ ಸುಮಾರು 21 ಕಿಲೋಡಾಲ್ಟನ್. ಇದರ ಜೀನ್ ನಮ್ಮ 7ನೇ ಕ್ರೋಮೋಸೋಮಿನಲ್ಲಿದೆ. ರೋ ಎಂಬ ಕುಟುಂಬಕ್ಕೆ ಸೇರಿದ್ದು. ಮನುಷ್ಯರಲ್ಲಿ ಆ ಕುಟುಂಬದ ಸದಸ್ಯರು ಸುಮಾರು 20. ಹೆಸರು ಮಾಡಿರುವವು ಮೂರು: ರೋಎ, ರಾಕ್1, ಸಿಡಿಸಿ42.

ಕೆಲಸ ಮಾಡುವ ಬಗೆ ಸ್ವಿಚ್ ತರಹ. ಜಿಟಿಪಿ ಎಂಬ ಪುಟ್ಟ ಅಣು ಅಂಟಿಕೊಂಡಾಗ ಆನ್, ಅದು ಒಡೆದು ಜಿಡಿಪಿ ಆದಾಗ ಆಫ್. ಆನ್ ಮಾಡುವ ಪ್ರೋಟೀನ್‌ಗಳನ್ನು ಜಿಇಎಫ್ ಅನ್ನುತ್ತಾರೆ. ಅವು ಹಳೆ ಜಿಡಿಪಿಯನ್ನು ಹೊರಗೆ ತಳ್ಳುತ್ತವೆ. ಕೋಶದಲ್ಲಿ ಜಿಟಿಪಿ ಧಾರಾಳ ಇರುವುದರಿಂದ ಖಾಲಿ ಜಾಗಕ್ಕೆ ಅದೇ ಬಂದು ಕೂರುತ್ತದೆ. ಆಫ್ ಮಾಡಿಸುವವು ಗ್ಯಾಪ್ ಪ್ರೋಟೀನ್‌ಗಳು. ಜಿಡಿಐ ಅಂತ ಮೂರನೇ ಗುಂಪೊಂದಿದೆ. ರಾಕ್1ರ ಬಾಲದಲ್ಲಿ ಕೊಬ್ಬಿನಂಥ ಒಂದು ತುಣುಕಿರುತ್ತದೆ, ಅದರಿಂದಲೇ ಅದು ಪೊರೆಗೆ ಅಂಟುವುದು. ಜಿಡಿಐ ಆ ಬಾಲವನ್ನು ತನ್ನೊಳಗೆ ಮುಚ್ಚಿಟ್ಟುಕೊಂಡು ರಾಕ್1ನ್ನು ಪೊರೆಯಿಂದ ದೂರ ಇಡುತ್ತದೆ.

ಆನ್ ಆದ ರಾಕ್1 ಪೊರೆಯ ಹತ್ತಿರ ವೇವ್ ಎಂಬ ಪ್ರೋಟೀನ್ ಕೂಟವನ್ನು ಎಬ್ಬಿಸುತ್ತದೆ. ವೇವ್ ಹೋಗಿ ಆರ್ಪ್2/3 ಎಂಬ ಇನ್ನೊಂದು ಕೂಟವನ್ನು ಎಬ್ಬಿಸುತ್ತದೆ. ಆರ್ಪ್2/3 ಹಳೆ ಆಕ್ಟಿನ್ (ಕೋಶದ ಹಂದರ ಕಟ್ಟುವ ಪ್ರೋಟೀನ್) ಎಳೆಯ ಪಕ್ಕದಿಂದ ಹೊಸ ಎಳೆ ಕವಲೊಡೆಸುತ್ತದೆ, ಹೆಚ್ಚು ಕಡಿಮೆ 70 ಡಿಗ್ರಿ ಕೋನದಲ್ಲಿ. ಕವಲಿಗೆ ಕವಲು ಸೇರಿ ದಟ್ಟ ಜಾಲವಾಗಿ ಪೊರೆಯನ್ನು ಮುಂದಕ್ಕೆ ತಳ್ಳುತ್ತದೆ. ಹಾಗೆ ಚಾಚುವ ತೆಳ್ಳನೆಯ ಅಂಚಿಗೆ ಲ್ಯಾಮೆಲಿಪೋಡಿಯಂ ಅಂತ ಹೆಸರು. ಕೋಶ ತೆವಳುವುದು ಆ ಅಂಚಿನಿಂದ.

ಇದೆಲ್ಲ ಗೊತ್ತಾಗಿದ್ದು ಹೇಗೆ ಅನ್ನುವುದು ಚೆನ್ನಾಗಿದೆ. 1992ರಲ್ಲಿ ಆನ್ ರಿಡ್ಲಿ, ಆಲನ್ ಹಾಲ್ ಮತ್ತು ಜೊತೆಗಾರರು ಸ್ವಿಸ್ 3ಟಿ3 ಎಂಬ ಇಲಿ ಫೈಬ್ರೋಬ್ಲಾಸ್ಟ್ ಕೋಶಗಳಿಗೆ ಈ ಪ್ರೋಟೀನ್‌ಗಳನ್ನು ಸಣ್ಣ ಸೂಜಿಯಿಂದ ನೇರವಾಗಿ ಚುಚ್ಚಿದರು. ರೋ ಹಾಕಿದ ಕೋಶಗಳಲ್ಲಿ ಉದ್ದುದ್ದ ಬಿಗಿ ಕಟ್ಟುಗಳು ಎದ್ದವು. ರಾಕ್ ಹಾಕಿದವುಗಳಲ್ಲಿ ಅಂಚಿಗೆಲ್ಲ ನೆರಿಗೆ. 1995ರಲ್ಲಿ ನೋಬ್ಸ್ ಮತ್ತು ಹಾಲ್ ಸಿಡಿಸಿ42 ಹಾಕಿ ಬೆರಳಿನಂಥ ಫಿಲೋಪೋಡಿಯಾ ಕಂಡರು. ಮೂರು ಪ್ರೋಟೀನ್, ಮೂರು ಬೇರೆ ಆಕಾರ. ಇವತ್ತಿಗೂ ನನಗೆ ಬಹಳ ಇಷ್ಟವಾದ ಪ್ರಯೋಗಗಳಲ್ಲಿ ಇವೂ ಸೇರಿವೆ.

ಇನ್ನು ಗಾಜುತಟ್ಟೆ ಅವರೇ, ನಿಮ್ಮ ಪ್ಲಾಸ್ಮಿಡ್ಡೂ ಸರಿ, ಫಲಿತಾಂಶವೂ ಸರಿ. 1992ರ ಆ ಚಿತ್ರಗಳಲ್ಲೂ ನೆರಿಗೆ ಇದ್ದದ್ದು ಕೋಶದ ಸುತ್ತಲೂ. ಎಲ್ಲ ಕಡೆಗೂ ಒಟ್ಟಿಗೆ ಚಾಚಿದ ಕೋಶ ಯಾವ ಕಡೆಗೆ ಹೋಗಬೇಕು ಹೇಳಿ?

ಕಿರುಗಣ್ಣು

ತಂತು ಹೇಳಿದ್ದು ಸರಿ. ನಾನು ಮೈಕ್ರೋಸ್ಕೋಪ್ ಕಡೆಯವನು, ಒಂದಿಷ್ಟು ಸೇರಿಸುತ್ತೇನೆ.

ಓಡುವ ಕೋಶದಲ್ಲಿ ರಾಕ್1 ಎಲ್ಲ ಕಡೆ ಇರುತ್ತದೆ. ಆದರೆ *ಆನ್ ಆಗಿರುವ* ರಾಕ್1 ಮುಂದಿನ ಅಂಚಿನಲ್ಲೇ ಜಾಸ್ತಿ. ಇದನ್ನು 2000ದಲ್ಲಿ ಕ್ಲಾಸ್ ಹಾನ್ ಅವರ ಗುಂಪು ಬೆಳಕಿನ ಸೆನ್ಸರ್ ಇಟ್ಟು ಜೀವಂತ ಕೋಶದಲ್ಲೇ ತೋರಿಸಿತು. 2009ರಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೆದರು. ಅಂಚು ಮುಂದಕ್ಕೆ ಹೋಗುವ ಕ್ಷಣದಲ್ಲಿ ಅಂಚಿನಲ್ಲೇ ಆನ್ ಆಗುವುದು ರೋಎ. ರಾಕ್1 ಆನ್ ಆಗುವುದು ಅಂಚಿನಿಂದ ಸುಮಾರು 2 ಮೈಕ್ರಾನ್ ಹಿಂದೆ, ಸುಮಾರು 40 ಸೆಕೆಂಡ್ ತಡವಾಗಿ. ಪಠ್ಯಪುಸ್ತಕದಲ್ಲಿ "ಮುಂದೆ ರಾಕ್, ಹಿಂದೆ ರೋ" ಅಂತ ಬಾಣದ ಗುರುತು ಹಾಕಿ ಮುಗಿಸಿರುತ್ತಾರೆ. ಕೋಶ ಅಷ್ಟು ಸರಳ ಇಲ್ಲ.

ಅದೇ ವರ್ಷ ಅದೇ ಗುಂಪು ಇನ್ನೊಂದು ಚಂದದ ಕೆಲಸ ಮಾಡಿತು. ಓಟ್ಸ್ ಗಿಡದಲ್ಲಿ ಬೆಳಕನ್ನು ಗುರುತಿಸುವ ಒಂದು ಪ್ರೋಟೀನಿದೆ. ಅದರ ತುಂಡನ್ನು ಆನ್ ರೂಪದ ರಾಕ್1ಕ್ಕೆ ಜೋಡಿಸಿದರು. ಕತ್ತಲಲ್ಲಿ ಆ ತುಂಡು ರಾಕ್1ನ್ನು ಮುಚ್ಚಿಕೊಂಡಿರುತ್ತದೆ. ನೀಲಿ ಬೆಳಕು ಬಿದ್ದರೆ ಬಿಡುತ್ತದೆ. ಕೋಶದ ಒಂದು ಮೂಲೆಗೆ ಲೇಸರ್ ಚುಕ್ಕೆ ಹಾಕಿದರೆ ಆ ಮೂಲೆಯೇ ಮುಂದಕ್ಕೆ ಚಾಚುತ್ತದೆ, ಚುಕ್ಕೆ ಸರಿಸಿದರೆ ಕೋಶವೂ ಅದರ ಹಿಂದೆಯೇ ಹೋಗುತ್ತದೆ. ಮರುವರ್ಷ ಡೆನಿಸ್ ಮಾಂಟೆಲ್ ಅವರ ಗುಂಪು ಹಣ್ಣುನೊಣದ ಅಂಡಾಶಯದಲ್ಲಿ ಗುಂಪಾಗಿ ಸಾಗುವ ಕೋಶಗಳ ಮೇಲೆ ಇದನ್ನೇ ಮಾಡಿತು. ಒಂದೇ ಒಂದು ಕೋಶದ ರಾಕ್ ಆನ್ ಮಾಡಿದರೆ ಗುಂಪೇ ತಿರುಗಿತು.

ನಿಮ್ಮ ಕ್ಯೂ61ಎಲ್ ಇಡೀ ಕೋಶಕ್ಕೆ ಒಟ್ಟಿಗೆ ಟಾರ್ಚ್ ಬಿಟ್ಟ ಹಾಗಾಯಿತು, ಅದೂ ಆರಿಸದೆ.

ಗಾಜುತಟ್ಟೆ

ಓಹ್. ಹಾಗಾದರೆ ರಾಕ್1 *ಕಡಿಮೆ* ಮಾಡಿದರೆ ಓಟ ಜಾಸ್ತಿ ಆಗಬಹುದಾ?

ತಂತು

ಎಷ್ಟು ಕಡಿಮೆ ಅನ್ನುವುದರ ಮೇಲೆ ಹೋಗುತ್ತದೆ. ಪೂರ್ತಿ ತೆಗೆದರೆ ಲ್ಯಾಮೆಲಿಪೋಡಿಯಂ ಏಳುವುದೇ ಇಲ್ಲ. ಇಲಿ ಭ್ರೂಣದಲ್ಲಿ ರಾಕ್1 ಪೂರ್ತಿ ತೆಗೆದರೆ ಪದರಗಳು ಬೇರ್ಪಡುವ ಆರಂಭದ ಹಂತವನ್ನೇ ಅದು ದಾಟುವುದಿಲ್ಲ, ಸಾಯುತ್ತದೆ. 1998ರಿಂದ ಗೊತ್ತಿರುವ ವಿಷಯ. ಆದರೆ *ಸ್ವಲ್ಪ* ಕಡಿಮೆ ಮಾಡಿದರೆ? 2005ರಲ್ಲಿ ಕೆನೆತ್ ಯಮಾಡಾ ಅವರ ಲ್ಯಾಬ್ ಇದನ್ನು ನೋಡಿತು. ರಾಕ್ ಚಟುವಟಿಕೆ ಜಾಸ್ತಿ ಇದ್ದಾಗ ಕೋಶದ ಸುತ್ತ ಅಲ್ಲಲ್ಲಿ ಪಕ್ಕದ ಚಾಚುಗಳು ಏಳುತ್ತವೆ, ಕೋಶ ಅತ್ತಿತ್ತ ಅಲೆಯುತ್ತದೆ. ಸ್ವಲ್ಪ ಇಳಿಸಿದರೆ ಪಕ್ಕದ ಚಾಚುಗಳು ನಿಂತು ಕೋಶ ಒಂದೇ ದಿಕ್ಕಿಗೆ ನೆಟ್ಟಗೆ ಹೋಗುತ್ತದೆ.

ಗೀರು ಮುಚ್ಚುವುದಕ್ಕೆ ವೇಗ ಮಾತ್ರ ಸಾಲದು, ದಿಕ್ಕು ಬೇಕು. ನೀವು ಎರಡನ್ನೂ ಬೇರೆ ಬೇರೆ ಅಳೆಯಬೇಕು. ಗೀರಿನ ಅಗಲ ಒಂದನ್ನೇ ಅಳೆದರೆ ಎರಡೂ ಕಲಸಿಹೋಗುತ್ತವೆ.

ಒಂದ್ನಿಮಿಷ

ಇಷ್ಟೆಲ್ಲ ಯಾಕೆ? ಕ್ಯಾನ್ಸರ್ ಹರಡುವುದು ರಾಕ್1ರಿಂದ ಅಂದ ಮೇಲೆ ರಾಕ್1 ನಿಲ್ಲಿಸುವ ಮಾತ್ರೆ ಮಾಡಿದರೆ ಆಯಿತಲ್ಲ? ಕಂಪನಿಗಳಿಗೆ ಬೇಕಿಲ್ಲ ಅಷ್ಟೇ.

ಮಾತ್ರೆಡಬ್ಬಿ

ಬೇಕಿಲ್ಲ ಅಂತಲ್ಲ ಸಾರ್, ಕೈಗೆ ಸಿಗುತ್ತಿಲ್ಲ. ಔಷಧ ರಸಾಯನಶಾಸ್ತ್ರ ನನ್ನ ಹೊಟ್ಟೆಪಾಡು, ಅದಕ್ಕೇ ಹೇಳುತ್ತಿದ್ದೇನೆ.

ಒಂದನೇ ತೊಂದರೆ ಜಿಟಿಪಿ. ರಾಕ್1 ಅದನ್ನು ಬಹಳ ಗಟ್ಟಿಯಾಗಿ ಹಿಡಿಯುತ್ತದೆ. ಕೋಶದೊಳಗೆ ಜಿಟಿಪಿ ತುಂಬಿ ತುಳುಕುತ್ತಿರುತ್ತದೆ. ಆ ಜಾಗಕ್ಕೆ ಪೈಪೋಟಿ ಮಾಡಿ ನುಗ್ಗುವ ಅಣು ಮಾಡುವುದು ಬಲು ಕಷ್ಟ. ಅದು ಬಿಟ್ಟರೆ ರಾಕ್1ರ ಮೇಲ್ಮೈ ನುಣುಪು, ಔಷಧದ ಅಣು ಕೂರುವಂಥ ಆಳದ ಗುಳಿ ಇಲ್ಲ.

2004ರಲ್ಲಿ ಎನ್‌ಎಸ್‌ಸಿ23766 ಎಂಬ ಅಣು ಬಂತು. ರಾಕ್1ಕ್ಕೆ ಜಿಇಎಫ್ ಅಂಟುವ ಜಾಗವನ್ನು ಅದು ಮುಚ್ಚುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಬಳಸುತ್ತಾರೆ. ಆದರೆ ಪರಿಣಾಮ ಕಾಣಲು ಸುಮಾರು 50 ಮೈಕ್ರೋಮೋಲಾರ್ ಬೇಕು. ಅಷ್ಟು ಸುರಿದರೆ ಬೇರೆ ಎಷ್ಟೋ ಕಡೆ ತಗಲುತ್ತದೆ, ಅದು ಮಾತ್ರೆಯಾಗುವ ಲಕ್ಷಣ ಅಲ್ಲ. ಆಮೇಲೆ ಇಎಚ್‌ಟಿ1864, ಇಹಾಪ್-016 ಬಂದವು. ಲ್ಯಾಬಿನ ಬಳಕೆಗೆ ಅವೂ ಆಗುತ್ತವೆ. ಕ್ಯಾನ್ಸರಿಗೆ ಅಂತ ರಾಕ್1ಕ್ಕೆ ಗುರಿಯಿಟ್ಟು ಒಪ್ಪಿಗೆ ಪಡೆದ ಔಷಧ ಒಂದೂ ಇಲ್ಲ.

ಹಾಗಂತ ಬಾಗಿಲು ಮುಚ್ಚಿದೆ ಅನ್ನಲಾರೆ. ಕ್ಯಾನ್ಸರಿನಲ್ಲಿ ಕೆಡುವ ಕೆರಾಸ್ ಎಂಬ ಇನ್ನೊಂದು ಸ್ವಿಚ್ ಪ್ರೋಟೀನಿನ ಬಗ್ಗೆಯೂ ದಶಕಗಟ್ಟಲೆ ಇದೇ ಮಾತು ಇತ್ತು. 2013ರಲ್ಲಿ ಕೆವನ್ ಶೋಕಾಟ್ ಅವರ ಗುಂಪು ಜಿ12ಸಿ ರೂಪದಲ್ಲಿ ಒಂದು ಗುಳಿ ಕಂಡುಹಿಡಿಯಿತು. 2021ರಲ್ಲಿ ಸೊಟೊರಾಸಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅಲ್ಲಿ ಮ್ಯುಟೇಶನ್ (ಜೀನಿನ ಬದಲಾವಣೆ) ತಂದಿದ್ದು ಸಿಸ್ಟೀನ್ ಎಂಬ ಅಮೈನೋ ಆಮ್ಲ. ಔಷಧ ಅದನ್ನು ಕಚ್ಚಿ ಹಿಡಿಯಬಹುದು. ರಾಕ್1ರ ಹೆಸರಾಂತ ಕ್ಯಾನ್ಸರ್ ಮ್ಯುಟೇಶನ್ನಿನಲ್ಲಿ ಬರುವುದು ಸೆರಿನ್. ಸಿಸ್ಟೀನಿನಂಥ ಸುಲಭದ ಹಿಡಿ ಅದರಲ್ಲಿಲ್ಲ.

ಒಂದು ಮಜಾ ಹೇಳಿ ಮುಗಿಸುತ್ತೇನೆ. ಅಜಾಥಯೋಪ್ರಿನ್ ಗೊತ್ತಲ್ಲ, ಅಂಗ ಕಸಿ ಮಾಡಿಸಿಕೊಂಡವರಿಗೆ ದಶಕಗಳಿಂದ ಕೊಡುತ್ತಿರುವ ಹಳೆ ಔಷಧ. ಅದು ದೇಹದಲ್ಲಿ 6-ಥಯೋ-ಜಿಟಿಪಿ ಆಗುತ್ತದೆ. ಟಿ ಕೋಶಗಳಲ್ಲಿ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಅದು ಜಿಟಿಪಿ ಬದಲಿಗೆ ರಾಕ್1ರಲ್ಲಿ ಕೂತು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ ಅಂತ 2003ರಲ್ಲಿ ತೋರಿಸಿದರು. ಅಂದರೆ ರಾಕ್1ನ್ನು ತಟ್ಟುವ ಮಾತ್ರೆ ಇಷ್ಟು ವರ್ಷ ಔಷಧದಂಗಡಿಯಲ್ಲೇ ಇತ್ತು! ಯಾರೂ ಕ್ಯಾನ್ಸರಿಗೆ ಅಂತ ನುಂಗಬೇಡಿ ಮತ್ತೆ. ಅದನ್ನು ಬಹುಕಾಲ ತೆಗೆದುಕೊಂಡವರಿಗೆ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ *ಜಾಸ್ತಿ*.

ಒಂದ್ನಿಮಿಷ

ಸರಿ, ಒಪ್ಪಿದೆ. ಆದರೆ ಇನ್ನೊಂದು ದಾರಿ ಇದೆ. ರಾಕ್ ಪ್ರೋಟೀನ್ ಆಕ್ಸಿಡೆಂಟ್ ಹುಟ್ಟಿಸುತ್ತದೆ ಅಂತ ಓದಿದ್ದೇನೆ. ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡರೆ ಅದಾದರೂ ತಗ್ಗುತ್ತದೆ, ನಷ್ಟ ಏನೂ ಇಲ್ಲ ಅಲ್ವಾ?

ತಂತು

ಇಲ್ಲೇ ಹುಷಾರಾಗಿರಬೇಕು. ನೀವು ಓದಿದ್ದು ನಿಜ. ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ರಾಕ್ ಬೇಕು, 1991ರಿಂದ ಗೊತ್ತು. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವುದು ಆ ಕಿಣ್ವದಿಂದ. ಆದರೆ "ನಷ್ಟ ಏನೂ ಇಲ್ಲ" ಅನ್ನುವುದು ನಿಜ ಅಲ್ಲ. 2015ರಲ್ಲಿ ಸ್ವೀಡನ್ನಿನ ಒಂದು ಗುಂಪು ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಇರುವ ಇಲಿಗಳಿಗೆ ಎನ್-ಅಸಿಟೈಲ್‌ಸಿಸ್ಟೀನ್ ಕುಡಿಸಿತು, ಪ್ರಸಿದ್ಧ ಆಂಟಿಆಕ್ಸಿಡೆಂಟ್ ಅದು. ಮೂಲ ಗಡ್ಡೆಗಳು ಜಾಸ್ತಿ ಆಗಲಿಲ್ಲ. ದುಗ್ಧಗ್ರಂಥಿಗಳಿಗೆ ಹರಡಿದ್ದು ಜಾಸ್ತಿ ಆಯಿತು. ಮನುಷ್ಯರ ಮೆಲನೋಮಾ ಕೋಶಗಳನ್ನು ತಟ್ಟೆಯಲ್ಲಿ ನೋಡಿದರೆ ಓಡಾಟ ಹೆಚ್ಚಿತ್ತು, ಅಲ್ಲಿ ಏರಿದ್ದು ರೋಎ ಚಟುವಟಿಕೆ. ಇಲಿ ಬೇರೆ, ಮನುಷ್ಯ ಬೇರೆ, ಒಪ್ಪುತ್ತೇನೆ. ಆದರೂ ಕ್ಯಾನ್ಸರ್ ಇರುವವರು ಡಾಕ್ಟರಿಗೆ ಹೇಳದೆ ಇಂಥ ಮಾತ್ರೆ ಶುರು ಮಾಡಬಾರದು.

ಎಲೆಮರೆಕಾಯಿ

ಒಂದು ತಗ್ಗಿಸಿದರೆ ಇನ್ನೊಂದು ಏರುತ್ತದೆ ಅಂದ ಹಾಗಾಯಿತು. ರಾಕ್ ಮತ್ತು ರೋ ಇಬ್ಬರಿಗೂ ಜಗಳವಾ?

ತಂತು

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಜೋಡಿ ಅದು. ರಾಕ್ ಆನ್ ಆದ ಜಾಗದಲ್ಲಿ ರೋ ತಗ್ಗುತ್ತದೆ, ರೋ ಏರಿದ ಜಾಗದಲ್ಲಿ ರಾಕ್ ತಗ್ಗುತ್ತದೆ. ಪೂರ್ತಿ ಸತ್ಯ ಅಲ್ಲ, ಮೇಲೆ ಕಿರುಗಣ್ಣು ಅಂಚಿನ 2 ಮೈಕ್ರಾನ್ ಲೆಕ್ಕ ಕೊಟ್ಟಿದ್ದಾರೆ. ಆದರೂ ಕ್ಯಾನ್ಸರ್ ಹರಡುವುದನ್ನು ಅರ್ಥ ಮಾಡಿಕೊಳ್ಳಲು ಈ ಎಳೆದಾಟ ಮುಖ್ಯ.

ಕ್ಯಾನ್ಸರ್ ಕೋಶಕ್ಕೆ ಒಂಟಿಯಾಗಿ ಸಾಗಲು ಎರಡು ನಡಿಗೆ ಗೊತ್ತು. ಒಂದು ಉದ್ದನೆಯದು. ಮುಂದೆ ಚಾಚು ಹಾಕಿ, ಸುತ್ತಲಿನ ನಾರನ್ನು ಹಿಡಿದು, ಕರಗಿಸಿ ದಾರಿ ಮಾಡಿಕೊಂಡು ಹೋಗುವುದು. ಇದಕ್ಕೆ ರಾಕ್ ಬೇಕು. ಇನ್ನೊಂದು ಅಮೀಬಾ ನಡಿಗೆ. ಕೋಶ ದುಂಡಗಾಗಿ, ಮೈ ಬಿಗಿ ಮಾಡಿ, ಇರುವ ಸಂದಿನಲ್ಲೇ ಹಿಂಡಿಕೊಂಡು ನುಸುಳುತ್ತದೆ. ಇದಕ್ಕೆ ರೋ, ಅದರ ಕೆಳಗೆ ರಾಕ್ ಕೈನೇಸ್. ಹೆಸರು ಒಂದೇ ಥರ ಕೇಳುತ್ತದೆ, ಆದರೆ ಈ ಕೈನೇಸ್ ನಮ್ಮ ರಾಕ್1 ಅಲ್ಲ, ರೋ ಹೇಳಿದಂತೆ ಕುಣಿಯುವ ಬೇರೆ ಕಿಣ್ವ. ಗೊಂದಲ ಬೇಡ ಅಂತ ಮುಂದೆ ಅದನ್ನು ರೋ-ಕೈನೇಸ್ ಅನ್ನುತ್ತೇನೆ.

2008ರಲ್ಲಿ ಕ್ರಿಸ್ ಮಾರ್ಶಲ್ ಅವರ ಲ್ಯಾಬಿನಲ್ಲಿ ವಿಕ್ಟೋರಿಯಾ ಸಾಂಜ್-ಮೊರೆನೋ ಮತ್ತು ಜೊತೆಗಾರರು ಮೆಲನೋಮಾದಲ್ಲಿ ಇದನ್ನು ಬಿಡಿಸಿ ತೋರಿಸಿದರು. ನೆಡ್9 ಮತ್ತು ಡಾಕ್3 ಎಂಬ ಪ್ರೋಟೀನ್‌ಗಳು ಸೇರಿ ರಾಕ್ ಆನ್ ಮಾಡುತ್ತವೆ, ಕೋಶ ಉದ್ದ ನಡಿಗೆಗೆ ಬರುತ್ತದೆ. ಅತ್ತ ರೋ-ಕೈನೇಸ್ ಏರಿದರೆ ರಾಕ್ ಆಫ್ ಆಗಿ ಕೋಶ ದುಂಡು ನಡಿಗೆಗೆ ಹೊರಳುತ್ತದೆ. ಹೀಗಾಗಿ ರಾಕ್ ದಾರಿ ಕಟ್ಟಿದರೆ ಕೆಲವು ಕೋಶಗಳು ನಿಲ್ಲುವುದಿಲ್ಲ, ನಡಿಗೆ ಬದಲಿಸುತ್ತವೆ. ಒಂದ್ನಿಮಿಷ ಅವರ "ನಿಲ್ಲಿಸಿದರೆ ಆಯಿತಲ್ಲ"ಕ್ಕೆ ಇದು ಎರಡನೇ ಉತ್ತರ.

ಮೂರನೆಯದು ಇದಕ್ಕಿಂತ ವಿಚಿತ್ರ. ಟಿಯಾಮ್1 ಅಂತ ರಾಕ್1ರ ಒಂದು ಜಿಇಎಫ್ ಇದೆ. 1994ರಲ್ಲಿ ಸಿಕ್ಕಿದ್ದು, ಟಿ ಲಿಂಫೋಮಾ (ಟಿ ಕೋಶಗಳ ಕ್ಯಾನ್ಸರ್) ಕೋಶಗಳು ಬೇರೆ ಕೋಶಗಳ ಪದರದೊಳಗೆ ನುಗ್ಗುವಂತೆ ಮಾಡುವ ಜೀನ್ ಯಾವುದು ಅಂತ ಹುಡುಕುವಾಗ. ಇಂಗ್ಲಿಷಿನಲ್ಲಿ ಪೂರ್ತಿ ಹೆಸರಿನ ಅರ್ಥ "ಟಿ ಲಿಂಫೋಮಾ ನುಗ್ಗುವಿಕೆ ಮತ್ತು ಹರಡುವಿಕೆ", ಹರಡುವಿಕೆ ಅನ್ನುವುದು ಹೆಸರಿನಲ್ಲೇ ಇದೆ. ಮೂರು ವರ್ಷದ ಮೇಲೆ ಅದೇ ಲ್ಯಾಬ್, ಯಾನ್ ಕೊಲ್ಲಾರ್ಡ್ ಅವರದು, ಟಿಯಾಮ್1ನ್ನು ರಾಸ್ ಎಂಬ ಕ್ಯಾನ್ಸರ್ ಜೀನ್‌ನಿಂದ ಕೆಟ್ಟಿದ್ದ ಮೂತ್ರಪಿಂಡದ ಹೊರಪದರದ ಕೋಶಗಳಿಗೆ ಹಾಕಿತು. ಅಲ್ಲಿ ನುಗ್ಗುವುದು *ನಿಂತಿತು*! ಇ-ಕ್ಯಾಡ್‌ಹೆರಿನ್ ಎಂಬ ಅಂಟು ಪ್ರೋಟೀನ್ ಮೂಲಕ ಕೋಶಗಳು ಒಂದಕ್ಕೊಂದು ಮತ್ತೆ ಅಂಟಿಕೊಂಡವು. 2002ರಲ್ಲಿ ಟಿಯಾಮ್1 ಇಲ್ಲದ ಇಲಿಗಳಲ್ಲಿ ಚರ್ಮದ ಗಡ್ಡೆ ಬರಿಸಲು ನೋಡಿದರು. ಗಡ್ಡೆಗಳು ಕಡಿಮೆ ಬಂದವು, ಬಂದವು ಬೆಳೆದದ್ದೂ ನಿಧಾನ. ಆದರೆ ಬಂದ ಗಡ್ಡೆಗಳಲ್ಲಿ ಕೆಟ್ಟ ಜಾತಿಗೆ ತಿರುಗಿದವು ಜಾಸ್ತಿ.

ಅದಕ್ಕೇ "ರಾಕ್1 ಕ್ಯಾನ್ಸರ್ ಹರಡಿಸುತ್ತದೆ" ಎಂಬ ಒಂದು ಸಾಲಿನ ವಾಕ್ಯ ಕಂಡರೆ ನನಗೆ ಕಿರಿಕಿರಿ. ಯಾವ ಕೋಶ, ಯಾವ ಜಿಇಎಫ್, ಎಲ್ಲಿ, ಎಷ್ಟು ಹೊತ್ತು ಅಂತ ಕೇಳಬೇಕು. ಅಂಟಿಕೊಳ್ಳುವುದಕ್ಕೂ ಅದೇ ರಾಕ್1, ಬಿಟ್ಟು ಓಡುವುದಕ್ಕೂ ಅದೇ ರಾಕ್1.

ಕಿರುಗಣ್ಣು

ತಂತು ಅವರ ಕಿರಿಕಿರಿ ನಮಗೆಲ್ಲ ಪರಿಚಿತ :) ಆದರೆ ಇನ್ನೊಂದು ಬದಿಯೂ ಹೇಳಿ. 2007ರಲ್ಲಿ ಕೆರಾಸ್‌ನಿಂದ ಬರುವ ಶ್ವಾಸಕೋಶದ ಗಡ್ಡೆಯ ಇಲಿಗಳಲ್ಲಿ ರಾಕ್1 ತೆಗೆದಾಗ ಗಡ್ಡೆ ಕಡಿಮೆಯಾಗಿ ಇಲಿಗಳು ಹೆಚ್ಚು ಕಾಲ ಬದುಕಿದವು. ನೀವು ಬರೆದಿದ್ದು ಓದಿದರೆ ರಾಕ್1 ತಟ್ಟುವುದೇ ದಂಡ ಅನ್ನಿಸಿಬಿಡುತ್ತದೆ.

ತಂತು

ದಂಡ ಅನ್ನಲಿಲ್ಲ. ಆ ಪ್ರಯೋಗದಲ್ಲಿ ನೋಡಿದ್ದು ಗಡ್ಡೆ ಹುಟ್ಟಿ ಬೆಳೆಯುವುದನ್ನು, ಹರಡುವುದನ್ನಲ್ಲ. ಬೆಳವಣಿಗೆಯ ಕಡೆಯಿಂದ ರಾಕ್1 ತಟ್ಟಿದರೆ ಲಾಭ ಇರಬಹುದು, ನಾನೂ ಒಪ್ಪುತ್ತೇನೆ. ಓಟ ನಿಲ್ಲಿಸುತ್ತೇವೆ ಅಂತ ಅದೇ ಔಷಧ ಕೊಟ್ಟರೆ ಏನಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಕಿರುಗಣ್ಣು

ಅಷ್ಟರ ಮಟ್ಟಿಗೆ ಸರಿ. ಆದರೂ ನನ್ನ ಪಾಲಿಗೆ ಬೆಳವಣಿಗೆ ನಿಂತರೆ ಅರ್ಧ ಯುದ್ಧ ಗೆದ್ದಂತೆ. ಇದರಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ, ಬಿಡಿ.

ತಾಳ್ಮೆ

ಚರ್ಚೆಯ ಮಧ್ಯೆ ಬರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಯಜಮಾನರಿಗೆ ಮೆಲನೋಮಾ. ಗಡ್ಡೆಯ ಜೀನ್ ಪರೀಕ್ಷೆಯ ರಿಪೋರ್ಟಿನಲ್ಲಿ "ರಾಕ್1 ಪಿ29ಎಸ್" ಅಂತ ಒಂದು ಸಾಲು ಇದೆ. ಡಾಕ್ಟರ್ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಇದು ಮಕ್ಕಳಿಗೆ ಬರುತ್ತದಾ? ಇದಕ್ಕೆ ಬೇರೆ ಚಿಕಿತ್ಸೆ ಇದೆಯಾ?

ತಂತು

ಬೇಜಾರು ಯಾಕೆ ತಾಳ್ಮೆ ಅವರೇ. ಕೇಳಿದ್ದು ಒಳ್ಳೆಯದಾಯಿತು.

ಮೊದಲು ಮಕ್ಕಳ ವಿಷಯ. ಮೆಲನೋಮಾದಲ್ಲಿ ಕಾಣುವ ಪಿ29ಎಸ್ ಗಡ್ಡೆಯ ಕೋಶಗಳಲ್ಲಿ ಆಮೇಲೆ ಆದ ಬದಲಾವಣೆ. ತಂದೆ ತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವಂಥದ್ದೂ ಅಲ್ಲ. ಬಿಸಿಲಿನ ನೇರಳಾತೀತ ಕಿರಣ ಡಿಎನ್‌ಎಯಲ್ಲಿ ಬಿಡುವ ಗುರುತು ಹೇಗಿರುತ್ತದೋ ಇದೂ ಹಾಗೇ ಇದೆ. ಸಿ ಅಕ್ಷರ ಇದ್ದಲ್ಲಿ ಟಿ ಆಗಿರುತ್ತದೆ. ಅದರಿಂದ 29ನೇ ಜಾಗದ ಪ್ರೋಲಿನ್ ಹೋಗಿ ಸೆರಿನ್ ಬರುತ್ತದೆ. ಅಷ್ಟೇ ವ್ಯತ್ಯಾಸ.

2012ರಲ್ಲಿ ಎರಡು ದೊಡ್ಡ ಗುಂಪುಗಳು ಮೆಲನೋಮಾದ ಜೀನ್‌ಗಳನ್ನು ಓದಿದಾಗ ಇದು ಸಿಕ್ಕಿತು. ಬಿರಾಫ್ ಮತ್ತು ಎನ್‌ರಾಸ್ ಎಂಬ ಜೀನ್‌ಗಳನ್ನು ಬಿಟ್ಟರೆ ಮೆಲನೋಮಾದಲ್ಲಿ ಮತ್ತೆ ಮತ್ತೆ ಕಾಣುವ ಒಂದೇ ಜಾಗದ ಬದಲಾವಣೆಗಳಲ್ಲಿ ಇದಕ್ಕೆ ಮೂರನೇ ಸ್ಥಾನ. ಬಿಸಿಲಿಗೆ ಒಡ್ಡಿದ ಚರ್ಮದ ಮೆಲನೋಮಾಗಳಲ್ಲಿ ಶೇಕಡಾ 5ರಿಂದ 9ರಷ್ಟರಲ್ಲಿ ಇದು ಕಾಣುತ್ತದೆ. ಹಾಗಾಗಿ ಯಜಮಾನರದು ಯಾರೂ ಕಂಡರಿಯದ ಕೇಸೇನೂ ಅಲ್ಲ.

ಚಿಕಿತ್ಸೆಯ ಬಗ್ಗೆ: ಪಿ29ಎಸ್‌ಗೆ ಅಂತಲೇ ಇರುವ ಔಷಧ ಇಲ್ಲ. ಡಾಕ್ಟರ್ ಹೆಚ್ಚು ಮಾತಾಡದೆ ಇದ್ದದ್ದು ಬಹುಶಃ ಅದಕ್ಕೇ. ಮೆಲನೋಮಾದ ಚಿಕಿತ್ಸೆ ನಿಲ್ಲುವುದು ಬಿರಾಫ್ ಮ್ಯುಟೇಶನ್ ಇದೆಯಾ, ಕಾಯಿಲೆ ಯಾವ ಹಂತದಲ್ಲಿದೆ, ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ಕೊಡಬಹುದಾ ಅನ್ನುವುದರ ಮೇಲೆ. ಪಿ29ಎಸ್ ಇರುವ ಕೋಶಗಳು ಬಿರಾಫ್ ತಡೆಯುವ ಔಷಧಕ್ಕೆ ಅಷ್ಟಾಗಿ ಬಗ್ಗುವುದಿಲ್ಲ ಅಂತ ಲ್ಯಾಬಿನಲ್ಲಿ ಮತ್ತು ಇಲಿಗಳಲ್ಲಿ ಕಂಡಿದೆ. ಆದರೆ ಒಬ್ಬ ರೋಗಿಗೆ ಏನು ಕೊಡಬೇಕು ಅನ್ನುವುದನ್ನು ಈ ಒಂದು ಸಾಲಿನಿಂದ ತೀರ್ಮಾನಿಸಲು ಆಗುವುದಿಲ್ಲ. ಮುಂದಿನ ಸಲ ಹೋದಾಗ ನೇರವಾಗಿ ಕೇಳಿ: "ಬಿರಾಫ್ ಫಲಿತಾಂಶ ಏನು ಬಂದಿದೆ? ಈ ರಾಕ್1 ಸಾಲಿನಿಂದ ನೀವು ಕೊಡುವ ಔಷಧದಲ್ಲಿ ಏನಾದರೂ ಬದಲಾಗುತ್ತದಾ?" ಕೇಳಲು ಸಂಕೋಚ ಬೇಡ.

ತಾಳ್ಮೆ

ಮಕ್ಕಳ ಮಾತು ಕೇಳಿ ಸಮಾಧಾನವಾಯಿತು. ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಧನ್ಯವಾದ.

ಗಾಜುತಟ್ಟೆ

ತಾಳ್ಮೆ ಅಕ್ಕ, ಯಜಮಾನರು ಬೇಗ ಗುಣವಾಗಲಿ.

ತಂತು ಸರ್, ಒಂದು ಕೇಳಲಾ? ಪಿ29ಎಸ್ ಕೂಡ ರಾಕ್1ನ್ನು ಆನ್ ಮಾಡುತ್ತದೆ ಅನ್ನುತ್ತಾರೆ. ನನ್ನ ಕ್ಯೂ61ಎಲ್ ಕೂಡ ಆನ್. ಹಾಗಿದ್ದರೆ ಗಡ್ಡೆಗಳಲ್ಲಿ ಪಿ29ಎಸ್ ಯಾಕೆ ಅಷ್ಟು ಜಾಸ್ತಿ, ಕ್ಯೂ61ಎಲ್ ಯಾಕೆ ಇಲ್ಲ?

ತಂತು

ಇದನ್ನು ಗೈಡ್ ಮುಂದೆ ಇಡಿ. ಪ್ರಾಜೆಕ್ಟಿನ ತಿರುಳೇ ಇದು.

ಕ್ಯೂ61ಎಲ್‌ನಲ್ಲಿ ಜಿಟಿಪಿ ಒಡೆಯುವ ಕೆಲಸವೇ ಕೆಟ್ಟಿದೆ. ಒಮ್ಮೆ ಆನ್ ಆದರೆ ಆಫ್ ಆಗುವುದಿಲ್ಲ. ಪಿ29ಎಸ್‌ನಲ್ಲಿ ಜಿಟಿಪಿ ಒಡೆಯುವುದು ಸರಿಯಾಗಿಯೇ ಇದೆ, ಗ್ಯಾಪ್ ಬಂದರೆ ಆಫ್ ಆಗುತ್ತದೆ. ಕೆಟ್ಟಿರುವುದು ಜಿಡಿಪಿಯ ಹಿಡಿತ. ಜಿಇಎಫ್ ಬಂದು ತಳ್ಳುವ ಮೊದಲೇ ಜಿಡಿಪಿ ಜಾರುತ್ತದೆ, ಜಿಟಿಪಿ ಬಂದು ಕೂರುತ್ತದೆ, ಮತ್ತೆ ಆನ್. ಹೀಗೆ ಬೇಗ ಬೇಗ ಆನ್-ಆಫ್ ಆಗುತ್ತಾ ಒಟ್ಟಾರೆ ಆನ್ ಕಡೆಗೆ ವಾಲಿರುತ್ತದೆ. ಚಕ್ರ ಮಾತ್ರ ತಿರುಗುತ್ತಲೇ ಇರುತ್ತದೆ. ಕ್ಯಾನ್ಸರ್ ಕೋಶಕ್ಕೆ ಬೇಕಾಗಿರುವುದು ತಿರುಗುವ ರಾಕ್1 ಅಂತ ನನ್ನ ಅನಿಸಿಕೆ. ಸಿಕ್ಕಿಹಾಕಿಕೊಂಡ ರಾಕ್1 ಕೋಶಕ್ಕೂ ಭಾರವೇ, ನಿಮ್ಮ ತಟ್ಟೆಯಲ್ಲಿ ಅದನ್ನೇ ನೋಡಿದ್ದೀರಿ. ಇನ್ನೊಂದು ಕಾರಣವೂ ಸೇರಿದೆ. ಪಿ29ಎಸ್‌ಗೆ ಬೇಕಾದ ಅಕ್ಷರ ಬದಲಾವಣೆಯನ್ನು ಬಿಸಿಲೇ ಸುಲಭವಾಗಿ ಮಾಡುತ್ತದೆ.

ಮಾತ್ರೆಡಬ್ಬಿ

ನನ್ನ ಕಡೆಯಿಂದ ಒಂದು ಸಾಲು. ಪಿ29ಎಸ್‌ಗೆ ಜಿಇಎಫ್ ಹಂಗು ಕಡಿಮೆ ಅಂದ ಮೇಲೆ, ಜಿಇಎಫ್ ಜಾಗ ಮುಚ್ಚುವ ಎನ್‌ಎಸ್‌ಸಿ23766ರಂಥ ಅಣುವಿನಿಂದ ಅದಕ್ಕೆ ಹೆಚ್ಚೇನೂ ಆಗಬಾರದು. ಅದಕ್ಕೇ ಕೆಲವರು ರಾಕ್1ರ ಕೆಳಗಿನ ಪಾಕ್ ಕಿಣ್ವದ ಮೇಲೆ ಕಣ್ಣಿಟ್ಟರು. ಪಿಎಫ್-3758309 ಎಂಬ ಪಾಕ್ ಔಷಧ ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗದಲ್ಲೇ ನಿಂತುಹೋಯಿತು.

ಕಿರುಗಣ್ಣು

ಪಿ29ಎಸ್ ಬಗ್ಗೆ ನನ್ನ ಮೆಚ್ಚಿನ ಕೆಲಸ 2019ರದು. ಗೌಡೆನ್ಸ್ ಡಾನುಸರ್ ಅವರ ಗುಂಪಿನದು. ಎಲ್ಲರೂ ಪಿ29ಎಸ್ ಅಂದರೆ ಓಟ ಅಂದುಕೊಂಡಿದ್ದರು. ಇವರು ಕಂಡಿದ್ದೇ ಬೇರೆ. ಔಷಧದ ಒತ್ತಡದಲ್ಲಿ ಪಿ29ಎಸ್ ಮೆಲನೋಮಾ ಕೋಶಗಳು ದೊಡ್ಡ ದೊಡ್ಡ ಲ್ಯಾಮೆಲಿಪೋಡಿಯಂ ಬಿಡುತ್ತವೆ. ಆ ಆಕ್ಟಿನ್ ಜಾಲದಲ್ಲಿ ಮರ್ಲಿನ್ ಎಂಬ ಪ್ರೋಟೀನನ್ನು ಹಿಡಿದಿಟ್ಟು ಫಾಸ್ಫೇಟ್ ಹಚ್ಚಿ ಸುಮ್ಮನಾಗಿಸುತ್ತವೆ. ಮರ್ಲಿನ್ ಕೆಲಸ ಏನು? ಬೆಳವಣಿಗೆಗೆ ಬ್ರೇಕ್ ಹಾಕುವುದು. ಬ್ರೇಕ್ ಹೋಯಿತು, ಕೋಶ ಒಡೆದು ಹೆಚ್ಚುತ್ತಾ ಹೋಯಿತು. ಓಡಲು ಇರುವ ಅಂಗವನ್ನು ಬೆಳೆಯಲು ಬಳಸಿಕೊಂಡಿತು ನೋಡಿ!

ಮೇಲೆ ತಂತು ಜೊತೆ ಮಾಡಿದ ವಾದಕ್ಕೆ ಇದು ನನ್ನ ಸಾಕ್ಷಿ. ಓಟ, ಬೆಳವಣಿಗೆ ಅಂತ ಎರಡು ಡಬ್ಬಿ ಮಾಡಿ ಇಡಲು ಆಗುವುದಿಲ್ಲ.

ತಂತು

ಈ ಸಾಕ್ಷಿಗೆ ಎದುರು ಮಾತಿಲ್ಲ.

ಎಲೆಮರೆಕಾಯಿ

ಕೊನೆಗೆ ಒಂದು ದಡ್ಡ ಪ್ರಶ್ನೆ. ಇಷ್ಟು ತಂಟೆ ಕೊಡುವ ಪ್ರೋಟೀನ್ ನಮ್ಮಲ್ಲಿ ಯಾಕಿದೆ? ಇದಿಲ್ಲದೆ ಮನುಷ್ಯ ಬದುಕಿದ್ದು ಉಂಟಾ?

ತಂತು

ರಾಕ್1 ಪೂರ್ತಿ ಇಲ್ಲದಿದ್ದರೆ ಭ್ರೂಣವೇ ಉಳಿಯದು, ಇಲಿಯಲ್ಲಿ ನೋಡಿದ್ದೇವೆ. ಆದರೆ ಅದರ ಹತ್ತಿರದ ತಮ್ಮ ರಾಕ್2 ಇದೆ. ಇದು ರಕ್ತದ ಕೋಶಗಳಲ್ಲಿ ಮಾತ್ರ ಜಾಸ್ತಿ. 2000ದಲ್ಲಿ ಒಂದು ಮಗುವಿನಲ್ಲಿ ಇದರ ಮ್ಯುಟೇಶನ್ ಗುರುತಿಸಿದರು. 57ನೇ ಅಮೈನೋ ಆಮ್ಲ ಬದಲಾಗಿತ್ತು. ಆ ಮಗುವಿಗೆ ಪದೇ ಪದೇ ಸೋಂಕು, ಗಾಯ ಮಾಯುತ್ತಿರಲಿಲ್ಲ, ಕೀವು ಕೂಡ ಆಗುತ್ತಿರಲಿಲ್ಲ. ಬಿಳಿ ರಕ್ತಕಣಗಳು ರಕ್ತದಲ್ಲಿ ಬೇಕಾದಷ್ಟಿದ್ದವು. ಗಾಯದ ಕಡೆಗೆ ಓಡಿಬರಲು ಅವಕ್ಕೆ ಆಗುತ್ತಿರಲಿಲ್ಲ.

ಬ್ಯಾಕ್ಟೀರಿಯಾಗಳಿಗೂ ಇದರ ಬೆಲೆ ಗೊತ್ತು. ಸಾಲ್ಮೊನೆಲ್ಲಾ ತನ್ನ ಸಾಪ್‌ಇ ಪ್ರೋಟೀನನ್ನು ನಮ್ಮ ಕೋಶದೊಳಗೆ ಚುಚ್ಚಿ ರಾಕ್ ಆನ್ ಮಾಡಿಸುತ್ತದೆ. ಪೊರೆ ನೆರಿಗೆ ಎದ್ದು ಬ್ಯಾಕ್ಟೀರಿಯಾವನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಇದಕ್ಕೆ ತಿರುಗಾ. ಅದರ ವಿಷ ರಾಕ್1ರ 35ನೇ ಥ್ರಿಯೋನಿನ್‌ಗೆ ಒಂದು ಸಕ್ಕರೆ ಅಂಟಿಸಿ ಕೆಲಸ ನಿಲ್ಲಿಸುತ್ತದೆ. ಕರುಳಿನ ಕೋಶಗಳು ಆಕಾರ ಕಳೆದುಕೊಂಡು ಮುದುಡುತ್ತವೆ.

ಗಾಜುತಟ್ಟೆ

ಗೈಡ್ ಹತ್ತಿರ ಮಾತಾಡಿದೆ. ಕಿರುಗಣ್ಣು ಸರ್ ಹೇಳಿದ ಟಾರ್ಚ್ ಮಾತನ್ನೇ ಹೇಳಿದೆ, ನಕ್ಕು ಒಪ್ಪಿದರು! ಈಗ ಯೋಜನೆ ಹೀಗಿದೆ. ಮಾಮೂಲಿ ರಾಕ್1, ಪಿ29ಎಸ್, ಕ್ಯೂ61ಎಲ್, ಜೊತೆಗೆ ಆನ್ ಆಗದ ಟಿ17ಎನ್. ನಾಲ್ಕನ್ನೂ ಡಾಕ್ಸಿಸೈಕ್ಲಿನ್ ಎಂಬ ಔಷಧ ಕೊಟ್ಟಾಗ ಮಾತ್ರ ಹುಟ್ಟುವಂತೆ ಮಾಡಿ, ಡೋಸ್ ಮೆಲ್ಲಗೆ ಏರಿಸುತ್ತೇವೆ. ಗೀರಿನ ಜೊತೆ ಬಿಡಿ ಬಿಡಿ ಕೋಶಗಳ ದಾರಿಯನ್ನೂ ವಿಡಿಯೋದಲ್ಲಿ ಗುರುತು ಹಾಕುತ್ತೇವೆ. ಏನಾದರೂ ಬಿಟ್ಟುಹೋಗಿದೆಯಾ?

ಕಿರುಗಣ್ಣು

ಗೀರು ಪ್ರಯೋಗದಲ್ಲಿ ಮೈಟೋಮೈಸಿನ್ ಸಿ (ಕೋಶ ಒಡೆದು ಹೆಚ್ಚುವುದನ್ನು ತಡೆಯುವ ಔಷಧ) ಹಾಕಿದ ಒಂದು ಸೆಟ್ ಇಡಿ. ಇಲ್ಲದಿದ್ದರೆ ಗೀರು ಮುಚ್ಚಿದ್ದು ಓಟದಿಂದಲೋ ಕೋಶಗಳು ಹೆಚ್ಚಿದ್ದರಿಂದಲೋ ಗೊತ್ತಾಗಲ್ಲ. ಪಿ29ಎಸ್ ಇರುವಾಗ ಈ ಅನುಮಾನ ಇನ್ನೂ ಜಾಸ್ತಿ. ದಾರಿ ಗುರುತು ಹಾಕುವಾಗ ನೇರ ದೂರವನ್ನು ಒಟ್ಟು ನಡೆದ ದೂರದಿಂದ ಭಾಗಿಸಿ. 1ರ ಹತ್ತಿರ ಬಂದರೆ ನೆಟ್ಟಗೆ ಹೋಗಿದೆ, 0ಯ ಹತ್ತಿರ ಬಂದರೆ ಸುಮ್ಮನೆ ಸುತ್ತಿದೆ. ಎಲ್ಲ ಕೋಶಗಳಿಗೂ ಒಂದೇ ಅವಧಿ ತೆಗೆದುಕೊಳ್ಳಿ, ಅವಧಿ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರ ಕೊಟ್ಟ ಖಾಲಿ ವೆಕ್ಟರ್ (ರಾಕ್1 ಜೀನ್ ಇಲ್ಲದ ಪ್ಲಾಸ್ಮಿಡ್) ಕೋಶಗಳನ್ನೂ ಮರೆಯಬೇಡಿ.

ತಂತು

ಪ್ರತಿ ಡೋಸಿನಲ್ಲೂ ಒಟ್ಟು ರಾಕ್1 ಎಷ್ಟು, ಆನ್ ಆಗಿರುವುದು ಎಷ್ಟು ಅಂತ ಬೇರೆ ಬೇರೆ ಅಳೆಯಿರಿ. ಪಾಕ್‌ನ ಹಿಡಿಯುವ ತುಂಡು ಇರುವ ಮಣಿಗಳ ಪುಲ್-ಡೌನ್ ಸಾಕು, ಅದು ಆನ್ ರೂಪವನ್ನೇ ಎಳೆಯುತ್ತದೆ. ಅದರಲ್ಲಿ ಎಲ್ಲರಿಗೂ ಕೈಕೊಡುವುದು ಸಮಯ. ಕೋಶ ಒಡೆದ ಕ್ಷಣದಿಂದ ರಾಕ್1ರಲ್ಲಿರುವ ಜಿಟಿಪಿ ಒಡೆಯುತ್ತಾ ಹೋಗುತ್ತದೆ, ಗ್ಯಾಪ್‌ಗಳೂ ಅದೇ ಟ್ಯೂಬಿನಲ್ಲಿರುತ್ತವೆ. ಬಫರ್ ಮೊದಲೇ ಐಸ್ ಮಾಡಿಡಿ, ಮೆಗ್ನೀಷಿಯಂ ಇರಲಿ, ಒಂದು ಸಲಕ್ಕೆ ಎರಡು ಮೂರು ತಟ್ಟೆಗಿಂತ ಜಾಸ್ತಿ ಒಡೆಯಬೇಡಿ. ಮಾಮೂಲಿ ರಾಕ್1 ಮತ್ತು ಪಿ29ಎಸ್ ತಟ್ಟೆಗಳನ್ನು ಮೊದಲು ಮಾಡಿ. ಕ್ಯೂ61ಎಲ್ ಕೊನೆಗೆ ಮಾಡಿದರೂ ನಡೆಯುತ್ತದೆ, ಅದು ಹೇಗೂ ಆಫ್ ಆಗಲ್ಲ.